ಬಂಡೆಯ ಮೇಲಿನ ಕೆಂಪು ಗೆರೆ

ನನ್ನ ತಂಗಿಯ ಮಗಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಕೊಕ್ಕರೆ ಎಂದು ಕರೆಯುತ್ತಾರೆ. ಎದುರಿಗೂ ಹಾಗೆಯೇ, ಬೆನ್ನ ಹಿಂದೆಯೂ ಹಾಗೆಯೇ. ಅದಕ್ಕೆ ಅವಳು ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಉದ್ದನೆಯ ಕಾಲು, ಸ್ವಲ್ಪ ಮುಂದಕ್ಕೆ ಬಾಗಿದ ಕತ್ತು, ಮೈಮೇಲೆ ಸದಾ ಒಂದು ಬೂದು ಕೋಟು. ಕ್ಯಾಮೆರಾ ಹಿಡಿದು ಒಂದು ಕಡೆ ನಿಂತಳೆಂದರೆ ಗಾಳಿಗೂ ಅಲ್ಲಾಡುವವಳಲ್ಲ. ಒಮ್ಮೆ ಹಾಲು ತರಲು ಹೋದವಳು ಚರಂಡಿಯ ಪಕ್ಕದಲ್ಲಿ ನಿಂತುಬಿಟ್ಟಿದ್ದಳು. ಅಲ್ಲಿ ಜೇಡವೊಂದು ಬಲೆ ಹೆಣೆಯುತ್ತಿತ್ತಂತೆ. ಇತ್ತ ನಾನು ಚಹಾಕ್ಕೆ ಇಟ್ಟ ನೀರೆಲ್ಲ ಆವಿಯಾಗಿ ಪಾತ್ರೆ ಸೀದುಹೋಯಿತು.

ಅವಳ ಅಪ್ಪನಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಅರ್ಜಿಗೆ ಅಂಟಿಸುವ ಮುಖಗಳು, ಹೊಸ ಜೋಡಿಗಳು, ಅಳುವ ಕೂಸುಗಳು. ಇವಳು ಚಿಕ್ಕಂದಿನಿಂದಲೂ ಅಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದಳು. ಎಲ್ಲರೂ ಫೋನಿನಲ್ಲೇ ಮುಖ ತೆಗೆದುಕೊಳ್ಳತೊಡಗಿದ ಮೇಲೆ ಸ್ಟುಡಿಯೋಗೆ ಬೀಗ ಬಿತ್ತು. ಅಪ್ಪ ಹೋದರು, ಆಮೇಲೆ ನನ್ನ ತಂಗಿಯೂ ಹೋದಳು. ಮನೆಯಲ್ಲಿ ಉಳಿದವರು ಇವಳು, ಇವಳ ತಮ್ಮ ಮತ್ತು ನಾನು. ಇವಳು ಮದುವೆಗೆ ಮನಸ್ಸು ಮಾಡಲಿಲ್ಲ. ಅಪ್ಪನ ಕ್ಯಾಮೆರಾ ಚೀಲ ಹೆಗಲಿಗೇರಿಸಿಕೊಂಡು ಊರ ಹೊರಗಿನ ಜೌಗು, ಪೊದೆ, ಹಳೆಯ ಕಲ್ಲುಕ್ವಾರಿಗಳ ಕಡೆ ನಡೆದಳು.

"ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂತ ಮನುಷ್ಯರಿಗೆ ಹೇಳಿ ಹೇಳಿ ಸಾಕಾಗಿದೆ ದೊಡ್ಡಮ್ಮ. ಇನ್ಮೇಲೆ ನಾನೇ ಅಲ್ಲಾಡದೆ ನಿಲ್ತೀನಿ. ಅಲ್ಲಾಡೋದು ಅವುಗಳಿಷ್ಟ," ಎಂದಿದ್ದಳು ಆಗ.

ಹಿಂದುಗಡೆಯ ಉಗ್ರಾಣದ ಕೋಣೆ ಅವಳ ಪ್ರಿಂಟಿನ ಕೋಣೆಯಾಯಿತು. ಅಲ್ಲಿ ಮಂಚದಷ್ಟು ಉದ್ದದ ಒಂದು ಪ್ರಿಂಟರ್, ಕಿಟಕಿಯ ಕೆಳಗೆ ಅಗಲವಾದ ಮೇಜು, ಗೋಡೆಗೆ ಒರಗಿಸಿದ ಕಾಗದದ ಸುರುಳಿಗಳು. ಪ್ರಿಂಟ್ ಹೊರಗೆ ಬಂದೊಡನೆ ಅದನ್ನು ಅವಳು ಒಪ್ಪುವುದಿಲ್ಲ. ಒಂದು ದಿನ ಒಣಗಲು ಬಿಡಬೇಕು. ಮಾರನೆಯ ಬೆಳಗ್ಗೆ ಕಿಟಕಿಯ ಬೆಳಕಿಗೆ ಹಿಡಿದು, ಆಚೆ ಈಚೆ ಓರೆ ಮಾಡಿ, ಎಲ್ಲಿಯಾದರೂ ಕಪ್ಪು ಮಂಕಾಗಿದೆಯೋ, ಧೂಳಿನ ಚುಕ್ಕೆ ಕೂತಿದೆಯೋ ಎಂದು ನೋಡಬೇಕು. ಅವಳಿಗೆ ಸರಿಕಂಡರೆ ಮಾತ್ರ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಹಿ. ಸಹಿ ಬಿದ್ದ ಮೇಲೆ ಕೆಲಸ ನನ್ನದು. ಹತ್ತಿಯ ಕೈಗವಸು ಹಾಕಿಕೊಂಡು, ಮೇಲೆ ತೆಳ್ಳನೆಯ ಕಾಗದ ಹಾಸಿ, ಬಿಗಿಯಾಗದಂತೆ ಸುತ್ತಿ, ರಟ್ಟಿನ ಕೊಳವೆಯೊಳಗೆ ಇಳಿಸುತ್ತೇನೆ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಕೂಸನ್ನು ಬಟ್ಟೆಯಲ್ಲಿ ಸುತ್ತಿದ ಕೈ ಇದು, ಕಾಗದ ಯಾವ ಮಹಾ. ಕೊಳವೆಯ ಮೇಲೆ ವಿಳಾಸ ಅಂಟಿಸಿ ಕೊರಿಯರಿನವನಿಗೆ ಕೊಡುವುದು ಅವಳ ತಮ್ಮ. ಅಂಗಡಿ ಎನ್ನುವುದೆಲ್ಲ ಕಂಪ್ಯೂಟರಿನಲ್ಲೇ. ಅದರ ಯಜಮಾನ ಅವನು.

ಚಿತ್ರ ಮಾರುವುದಕ್ಕಿಂತ ಅವಳಿಗೆ ಇಷ್ಟವಾಗಿದ್ದದ್ದು ಹೇಳುವುದು. ವಾರಕ್ಕೊಮ್ಮೆ, ಕಂಡದ್ದನ್ನೆಲ್ಲ ಬರೆದು, ಚಿತ್ರ ಸೇರಿಸಿ, ಆನ್‌ಲೈನಿಗೆ ಹಾಕುವಳು. ಎಲ್ಲಿ ಕೂತಿದ್ದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಕಾಲು ಹೇಗೆ ಜೋಮು ಹಿಡಿಯಿತು, ಎಲ್ಲ. ಹಾಕುವ ಮೊದಲು ನನಗೆ ಓದಿ ಹೇಳುವಳು. ಮನೆಯಲ್ಲಿ ಬಾಯಿ ಬಿಡದ ಹೆಣ್ಣು, ಅಲ್ಲಿ ಹೊಳೆಯ ಹಾಗೆ ಹರಿಯುತ್ತಿದ್ದಳು. ಕಂಡವರಲ್ಲ, ಕೇಳಿದವರಲ್ಲ, ಎಲ್ಲೆಲ್ಲಿಂದಲೋ ಜನ ಓದಿ ಉತ್ತರ ಬರೆಯುತ್ತಿದ್ದರು. ಒಬ್ಬಾಕೆ ಹಾಸಿಗೆ ಹಿಡಿದವಳು, "ನಿಮ್ಮ ಕಾಲಲ್ಲಿ ನಾನು ನಡೀತೀನಿ" ಎಂದು ಬರೆದಿದ್ದಳು. ಅದನ್ನು ಇವಳು ನನಗೆ ಎರಡು ಸಲ ಓದಿ ಹೇಳಿದಳು.

ಆದರೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಳು. ಮರಿ ಹಾರಿಹೋಗುವ ತನಕ ಗೂಡಿನ ಚಿತ್ರ ಯಾರಿಗೂ ತೋರಿಸಬಾರದು. ಜಾಗ ತಿಳಿದರೆ ಜನ ಬರುತ್ತಾರೆ, ಜನ ಬಂದರೆ ತಾಯಿ ಗೂಡು ಬಿಡುತ್ತದೆ. ಗೂಡು ಕಂಡ ದಿನ ನನಗೆ ಮಾತ್ರ ಹೇಳುವಳು, ಅದೂ ಪಿಸುದನಿಯಲ್ಲಿ, ಗೋಡೆಗೆ ಕಿವಿಯಿದೆಯೇನೋ ಎಂಬಂತೆ.

ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ ಒಂದು ಕಲ್ಲುಕ್ವಾರಿಯಿದೆ. ಕೆಲಸ ನಿಂತು ಬಹಳ ವರ್ಷಗಳಾಗಿವೆ. ಬಂಡೆಯ ನೆತ್ತಿಯ ಮೇಲೆ ಒಂದು ಮುರುಕಲು ಕಬ್ಬಿಣದ ತೊಲೆ ಹಾಗೆಯೇ ಉಳಿದಿದೆ. ಅದರ ತುಕ್ಕು ನೀರಿನಲ್ಲಿ ಇಳಿದಿಳಿದು, ನೆತ್ತಿಯಿಂದ ಅರ್ಧ ಬಂಡೆಯವರೆಗೂ ಒಂದು ಕೆಂಪು ಗೆರೆ ಬಿದ್ದಿದೆ. ಕೆಳಗೆ ಬಂದು ಅದು ಎರಡು ಕವಲಾಗುತ್ತದೆ. ಹಿಂದಿನ ವರ್ಷ ಮಳೆ ನಿಂತ ಒಂದು ಸಂಜೆ ಆ ಇಡೀ ಬಂಡೆಯ ಚಿತ್ರ ತೆಗೆದಿದ್ದಳು. ಅದರಲ್ಲಿ ಹಕ್ಕಿಯಿಲ್ಲ, ಪ್ರಾಣಿಯಿಲ್ಲ. ಒದ್ದೆ ಕಲ್ಲು, ಕೆಂಪು ಗೆರೆ, ಅಷ್ಟೇ. ಕಲ್ಲಿನ ಜಾಗ ಹೇಳಿದರೆ ಕಲ್ಲಿಗೇನು ತೊಂದರೆ ಎಂದು, ಹೋಗುವ ದಾರಿಯನ್ನೂ ಬರೆದಿದ್ದಳು. ಆ ಪ್ರಿಂಟ್ ಚೆನ್ನಾಗಿ ಹೋಯಿತು. ನಮ್ಮ ಹಲ್ಲಿನ ಡಾಕ್ಟರೂ ದೊಡ್ಡದೊಂದನ್ನು ಮಾಡಿಸಿಕೊಂಡು ಚಿಕಿತ್ಸೆಯ ಕೋಣೆಯಲ್ಲಿ ತೂಗುಹಾಕಿದರು.

ಡಾಕ್ಟರು ಒಳ್ಳೆಯ ಮನುಷ್ಯ. ಅವಳು ಬರೆದದ್ದನ್ನು ಒಂದೂ ಬಿಡದೆ ಓದುವವರು. ಅವಳ ಚಿತ್ರ ನೋಡಿಯೇ ದುರ್ಬೀನು ಕೊಂಡು, ರಜೆಯ ದಿನ ನಾಲ್ಕಾರು ಸ್ನೇಹಿತರನ್ನು ಕಟ್ಟಿಕೊಂಡು ಹಕ್ಕಿ ನೋಡಲು ಹೋಗುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಅದೇ ಕ್ವಾರಿಯಲ್ಲಿ ಒಂದು ಜೋಡಿ ಕೊಂಬಿನ ಗೂಬೆ ಗೂಡು ಮಾಡಿದವು. ಗೂಡು ಎಂದರೆ ಕಡ್ಡಿ ಕಸವೇನಿಲ್ಲ. ಬಂಡೆಯ ನಡುಮಧ್ಯದಲ್ಲಿ, ಆ ಕವಲಿನ ಪಕ್ಕಕ್ಕೆ, ತಟ್ಟೆಯಂತೆ ಚಾಚಿದ ಒಂದು ಕಲ್ಲು. ಅದರ ಮೇಲೆಯೇ ಮೊಟ್ಟೆ. ಇವಳು ಎದುರು ದಡದ ಪೊದೆಯೊಳಗೆ ಬಟ್ಟೆಯ ಮರೆ ಕಟ್ಟಿ, ನಸುಕಿಗೆ ಮೊದಲೇ ಹೋಗಿ ಕೂತರೆ ಬಿಸಿಲೇರಿದ ಮೇಲೆಯೇ ಬರುವಳು.

ತಮ್ಮ ಕಾಲೆಳೆಯುವನು. "ಜನ ಬೇರೆಯವರ ಮೇಲೆ ಗೂಬೆ ಕೂರಿಸ್ತಾರೆ. ನೀನೊಬ್ಬಳೇ ನೋಡು, ಗೂಬೆ ಕೂತಿರೋ ಕಡೆ ಹೋಗಿ ನೀನೂ ಕೂರೋದು."

"ನಿನ್ನ ಹತ್ರ ಕೂರೋದಕ್ಕಿಂತ ವಾಸಿ. ಅದು ಸುಮ್ಮನಿರುತ್ತೆ," ಎನ್ನುವಳು.

ಮೊಟ್ಟೆ ಒಡೆದು ಎರಡು ಮರಿ ಬಂದವು. ಬೂದಿ ಮೆತ್ತಿದ ಹತ್ತಿಯುಂಡೆಗಳು. ಅವಳ ಮುಖ ನೋಡಬೇಕಿತ್ತು ಆಗ. ಆದರೆ ಆ ಖುಷಿಯಲ್ಲಿ ವಾರಗಟ್ಟಲೆ ಏನನ್ನೂ ಬರೆಯಲಿಲ್ಲ. ಬರೆದರೆ ಎಲ್ಲಿ ಬಾಯಿ ಜಾರುತ್ತದೋ ಎಂಬ ಹೆದರಿಕೆ.

ತಮ್ಮನಿಗೆ ತಡೆಯಲಾಗಲಿಲ್ಲ. "ಅಕ್ಕ, ಜನ ಕೇಳ್ತಿದಾರೆ. ಹುಷಾರಿಲ್ವಾ ಅಂತಾನೂ ಬರೆದಿದಾರೆ. ಹೀಗೆ ಮಾಯವಾದ್ರೆ ಮರೆತೇ ಬಿಡ್ತಾರೆ. ಏನಾದ್ರೂ ಒಂದು ಹಾಕು."

ಅವಳು ಒಂದು ಚಿತ್ರ ಆರಿಸಿದಳು. ತಾಯಿಗೂಬೆ ರೆಕ್ಕೆ ಅರ್ಧ ಬಿಚ್ಚಿ ಕೂತಿದೆ. ಮರಿಗಳು ರೆಕ್ಕೆಯಡಿ, ಕಾಣುವುದಿಲ್ಲ. ಕಿತ್ತಳೆ ಬಣ್ಣದ ಎರಡು ಕಣ್ಣು ನೇರ ನಮ್ಮನ್ನೇ ನೋಡುತ್ತಿವೆ. ನಾನು ಆ ಚಿತ್ರದ ಮುಂದೆ ಸೆರಗು ಸರಿಮಾಡಿಕೊಂಡೆ. ಯಾರೋ ದೊಡ್ಡವರ ಎದುರು ನಿಂತ ಹಾಗಾಯಿತು. ಅವಳು ಕಂಪ್ಯೂಟರಿನ ಮುಂದೆ ಕೂತು ಜಾಗದ ಗುರುತುಗಳನ್ನೆಲ್ಲ ಕತ್ತರಿಸಿದಳು. ಬಂಡೆಯ ಅಂಚು ಹೋಯಿತು, ಮೇಲಿನ ಆಕಾಶ ಹೋಯಿತು, ಕೆಳಗಿನ ಕಲ್ಲು ಹೋಯಿತು. ಕೊನೆಗೆ ಉಳಿದದ್ದು ಗೂಬೆ, ಅದರ ಬೆನ್ನ ಹಿಂದೆ ಅಂಗೈಯಗಲದ ಬಂಡೆ, ಅದರ ಮೇಲೆ ಒಂದು ಕೆಂಪು ಕವಲು.

"ಇದನ್ನ ತೆಗೆದ್ರೆ ಚಿತ್ರ ಸಪ್ಪೆ ಆಗುತ್ತೆ ದೊಡ್ಡಮ್ಮ. ಕಣ್ಣಿನ ಬಣ್ಣಕ್ಕೂ ಇದಕ್ಕೂ ಎಷ್ಟು ಹೊಂದುತ್ತೆ ನೋಡು. ಗೂಡು ಕಾಣಲ್ಲ, ಮರಿ ಕಾಣಲ್ಲ. ಬರೀ ಅದರ ಮುಖ."

"ಚೆಂದ ಇದೆ," ಎಂದೆ. ಇತ್ತು ಕೂಡ.

ಹಾಕಿದ್ದೇ ತಡ, ಜನ ಮುಗಿಬಿದ್ದರು. ಪ್ರಿಂಟರ್ ಬಿಸಿಯಾಗಿ ಅದಕ್ಕೆ ಫ್ಯಾನು ಇಡಬೇಕಾಯಿತು. ಆ ಗಡಿಬಿಡಿಯಲ್ಲಿ ಎರಡು ಮೂರು ದಿನ ಅವಳಿಗೆ ಕ್ವಾರಿಗೆ ಹೋಗಲಾಗಲಿಲ್ಲ. ನಾನು ಆ ಕಿತ್ತಳೆ ಕಣ್ಣುಗಳ ಮೇಲೆ ತೆಳುಕಾಗದ ಎಳೆದು ಎಳೆದು ಸುತ್ತಿದೆ.

ಅದೇ ಹೊತ್ತಿಗೆ ನನ್ನ ಕಟ್ಟಿಸಿದ ಹಲ್ಲು ಸಡಿಲವಾಗಿ, ಮಾತಾಡಿದರೆ ಟಕಟಕ ಎನ್ನತೊಡಗಿತ್ತು. ಡಾಕ್ಟರ ಬಳಿಗೆ ಹೋದೆ. ಹೊಸ ಅಚ್ಚು ತೆಗೆಯಬೇಕೆಂದು ತಗಡಿನ ಅಚ್ಚುಬಟ್ಟಲಿನಲ್ಲಿ ಹಿಟ್ಟಿನಂಥದ್ದನ್ನು ತುಂಬಿ ಬಾಯಿಗಿಟ್ಟರು.

"ಹಾಗೇ ಹಿಡ್ಕೊಂಡಿರಿ ಅಮ್ಮ, ಗಟ್ಟಿಯಾಗೋ ತನಕ ಮಾತಾಡಬಾರದು. ನೀವು ಹೇಗೂ ಕೇಳೋದೇ ಹೆಚ್ಚು, ಈಗ ನಾನು ಹೇಳ್ತೀನಿ," ಎಂದು ನಕ್ಕರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ರೋಗಿಯ ಬಾಯಿಂದ ಕಣ್ಣೆತ್ತಿದರೆ ಅವರಿಗೆ ಮೊದಲು ಕಾಣುವುದು ಆ ಬಂಡೆಯ ಚಿತ್ರ.

"ದಿನಾ ನೋಡೋದು ಇದನ್ನೇ. ನನ್ನ ಅಂಗೈ ಗೆರೆ ಬೇಕಾದ್ರೆ ಮರೀತೀನಿ, ಇದನ್ನ ಮರೆಯಲ್ಲ. ನಿಮ್ಮ ಹುಡುಗಿ ಆ ಗೂಬೆ ಫೋಟೋ ಹಾಕಿದ್ಳಲ್ಲ, ನೋಡಿದೆ, ಅದರ ಹಿಂದೆ ಏನಿದೆ? ಇದೇ ಕವಲು! ಕುರ್ಚಿ ಮೇಲೆ ಹತ್ತಿ ನಿಂತು ಎರಡನ್ನೂ ಹೊಂದಿಸಿ ನೋಡಿದೆ. ಪತ್ತೇದಾರ ಆಗಬೇಕಿತ್ತು ನಾನು, ತಪ್ಪಿ ಹಲ್ಲು ಕೀಳೋಕೆ ಬಂದೆ. ಸ್ನೇಹಿತರಿಗೆ ಹೇಳಿದೆ, ಮೊನ್ನೆ ರಜೆ ದಿನ ಎಲ್ಲಾ ಸೇರಿ ಹೋದ್ವಿ."

ನಾನು ಕೈಯೆತ್ತಿದೆ. ಅವರು, "ನೋವಾಗ್ತಿದೆಯಾ? ಇನ್ನೊಂದು ಚೂರು," ಎಂದು ನನ್ನ ಕೈಯನ್ನು ಮೆತ್ತಗೆ ಕುರ್ಚಿಯ ತೋಳಿನ ಮೇಲೆ ಇಟ್ಟರು.

"ಮೊದಲು ಕಾಣಲೇ ಇಲ್ಲ ಅಮ್ಮ. ಕಲ್ಲಿನ ಬಣ್ಣಾನೇ ಅದರ ಬಣ್ಣ. ಆಮೇಲೆ ನಮ್ಮಲ್ಲೊಬ್ಬ ಫೋನಲ್ಲಿ ಗೂಬೆ ಕೂಗು ಹಾಕಿದ. ನೋಡಿ, ಎದ್ದಿತು! ಏನು ರೆಕ್ಕೆ ಅಂತೀರಿ! ಹಾಡುಹಗಲಲ್ಲಿ, ನಮ್ಮ ತಲೆ ಮೇಲೇ ಹಾರಿ ಹೋಯ್ತು. ಅದರ ಹಿಂದೆ ಕಾಗೆಗಳ ದಂಡು. ಜನ್ಮಕ್ಕೆ ಸಾಕು, ಅಂಥ ನೋಟ."

ನಾನು ಅಚ್ಚುಬಟ್ಟಲನ್ನು ಬಾಯಿಂದ ಕಿತ್ತು ತೆಗೆದೆ. ಗಟ್ಟಿಯಾಗದ ಹಿಟ್ಟು ತುಟಿಗೆಲ್ಲ ಮೆತ್ತಿಕೊಂಡಿತು.

"ಮತ್ತೆ ಬಂತಾ ಅದು? ಮರಿ ಇವೆ ಅಲ್ಲಿ. ಮತ್ತೆ ಬಂತಾ?"

ಡಾಕ್ಟರ ನಗು ಮುಖದ ಮೇಲೆಯೇ ನಿಂತುಹೋಯಿತು. "ಮರಿ ಅಂತ ಅವರು ಬರೆದಿರಲಿಲ್ಲವಲ್ಲ," ಎಂದರು.

ನಾನು ಮನೆಗೆ ಹೇಗೆ ಬಂದೆನೋ. ಅವಳು ಕಿಟಕಿಯ ಬಳಿ ಪ್ರಿಂಟ್ ಹಿಡಿದು ನಿಂತಿದ್ದಳು. ಹೇಳಿದೆ. ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ಚಿತ್ರವನ್ನು ಮೇಜಿನ ಮೇಲಿಟ್ಟು, ಕೈಗವಸು ಕಳಚಿ, ಆ ಕೆಂಪು ಕವಲಿನ ಮೇಲೆ ಬೆರಳಿಟ್ಟಳು. ಬರಿಗೈಯಲ್ಲಿ ಪ್ರಿಂಟ್ ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇಷ್ಟು ಕತ್ತರಿಸಿದೆ," ಎಂದಳು. "ಇದೊಂದನ್ನ ಬಿಟ್ಟೆ."

ಆ ಸಂಜೆಯೇ ಕ್ವಾರಿಗೆ ಹೋದೆವು. ಅವಳು ನನ್ನನ್ನು ಬೇಡವೆನ್ನಲಿಲ್ಲ. ಮರೆಯೊಳಗೆ ಕೂರಿಸಿ, ಲೆನ್ಸಿನ ಹಿಂದೆ ನನ್ನ ಕಣ್ಣಿಟ್ಟು ತೋರಿಸಿದಳು. ಕಲ್ಲಿನ ಮೇಲೆ ಎರಡು ಮರಿಗಳು, ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು, ಒಂದಕ್ಕೊಂದು ಆತುಕೊಂಡಿದ್ದವು. ತಾಯಿ ಇರಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ಒಂದು ದೊಡ್ಡ ನೆರಳು ಸದ್ದಿಲ್ಲದೆ ಬಂತು. ನನಗೆ ಜೀವ ಬಂದಂತಾಯಿತು. ಅವಳು ಅಲ್ಲವೆಂದು ತಲೆಯಾಡಿಸಿದಳು. ಅದು ಗಂಡು. ಬಾಯಲ್ಲಿದ್ದ ಇಲಿಯನ್ನು ಕಲ್ಲಿನ ಮೇಲೆ ಹಾಕಿ, ಒಂದು ಗಳಿಗೆ ನಿಂತು, ಹಾರಿಹೋಯಿತು. ಮರಿಗಳು ಇಲಿಯನ್ನು ಕುಟುಕಿದವು, ಬಾಯಿ ತೆರೆದು ಕಾದವು.

"ಯಾಕೆ ತಿನ್ನಲ್ಲ?"

"ಗಂಡು ತರುತ್ತೆ, ಹೆಣ್ಣು ಹರಿದು ಬಾಯಿಗಿಡುತ್ತೆ. ಹರಿದು ಕೊಡೋದು ಗಂಡಿಗೆ ಗೊತ್ತಿಲ್ಲ."

"ಕಲಿಯಲ್ವಾ?"

"ಕಲಿಯಲ್ಲ ದೊಡ್ಡಮ್ಮ."

"ಎಷ್ಟೋ ಮನೆಗಳಲ್ಲೂ ಇದೇ ತಾನೆ, ತಂದು ಹಾಕಿದ್ರೆ ಮುಗೀತು," ಎಂದೆ. ಅವಳ ಮುಖ ಸಡಿಲವಾಗಲೆಂದು ಹೇಳಿದ್ದು. ಅವಳಿಗೆ ಕೇಳಿಸಲೇ ಇಲ್ಲ.

ಮಾರನೆಯ ದಿನವೂ ತಾಯಿ ಬರಲಿಲ್ಲ. ಕಲ್ಲಿನ ಮೇಲೆ ಇಲಿಗಳು ಬಿದ್ದಿದ್ದವು, ಪಕ್ಕದಲ್ಲೇ ಮರಿಗಳು ಹಸಿದು ಕೂತಿದ್ದವು. ತಮ್ಮ ಹಗ್ಗ ಹಿಡಿದು ಬಂದ. "ಮೇಲಿಂದ ಇಳೀತೀನಿ ಅಕ್ಕ. ಹರಿದು ಬಾಯಿಗಿಟ್ಟು ಬರ್ತೀನಿ. ಇಲ್ಲಾ ಎತ್ಕೊಂಡೇ ಬರ್ತೀನಿ. ನೋಡ್ತಾ ಕೂರೋಕೆ ಆಗುತ್ತಾ?"

ಅವಳು ವನ್ಯಜೀವಿಗಳ ಆರೈಕೆ ಮಾಡುವವರಿಗೆ ಫೋನ್ ಮಾಡಿದಳು. ಆ ಕಡೆ ಹೆಂಗಸೊಬ್ಬಳ ದನಿ. ಪಾಪ, ನಿಧಾನವಾಗಿ ಬಿಡಿಸಿ ಹೇಳಿದಳು. "ತಂದುಕೊಟ್ಟರೆ ಸಾಕ್ತೀವಿ. ಬದುಕಬಹುದು, ಆದ್ರೆ ಬೇಟೆ ಕಲಿಯದೆ ಪಂಜರದಲ್ಲೇ ಉಳಿಯಬಹುದು. ನೀವು ಪದೇ ಪದೇ ಇಳಿದರೆ ಗಂಡೂ ಬರೋದು ಬಿಡಬಹುದು. ದೊಡ್ಡ ಮರಿ ತಾನೇ ಹರಿಯೋ ವಯಸ್ಸಿಗೆ ಹತ್ತಿರ ಇದೆ. ಚಿಕ್ಕದರ ಬಗ್ಗೆ ನಾನು ಮಾತು ಕೊಡಲ್ಲ. ಹತ್ತಿರದಿಂದ ನೋಡ್ತಿರೋರು ನೀವು, ನೀವೇ ತೀರ್ಮಾನ ಮಾಡಬೇಕು."

ಫೋನ್ ಇಟ್ಟು ಅವಳು ಮತ್ತೆ ಲೆನ್ಸಿಗೆ ಕಣ್ಣಿಟ್ಟಳು. ಎತ್ತಿ ತಂದರೆ ಎರಡೂ ಉಳಿಯಬಹುದು, ಆದರೆ ಆಕಾಶ ಕಾಣದೆ. ಬಿಟ್ಟರೆ ದೊಡ್ಡದು ಹಾರಬಹುದು, ಚಿಕ್ಕದು ಕಣ್ಣೆದುರೇ ಹೋಗಬಹುದು.

"ಹಗ್ಗ ಮನೆಗೆ ತಗೊಂಡು ಹೋಗು," ಎಂದಳು ತಮ್ಮನಿಗೆ.

"ಎಂಥ ಕಲ್ಲು ಮನಸ್ಸೇ ನಿಂದು!"

"ಹೂಂ. ತಗೊಂಡು ಹೋಗು."

ಡಾಕ್ಟರ ಸ್ನೇಹಿತರಲ್ಲಿ ಯಾರೋ ಆಗಲೇ ಜಾಗವನ್ನು ಆನ್‌ಲೈನಿನಲ್ಲಿ ಹೇಳಿಕೊಂಡಿದ್ದರು. ಜನ ಬರತೊಡಗಿದರು. ಅವಳು ಮರೆಯಲ್ಲಿ ಕೂತರೆ, ನಾನು ಇಟ್ಟಿಗೆ ಕಾರ್ಖಾನೆಯ ಹಿಂದೆ, ಕಾಲುದಾರಿ ಶುರುವಾಗುವಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಹೆಣಿಗೆ ಕೈಯಲ್ಲಿತ್ತು. ಒಬ್ಬ ಹುಡುಗ, ಒಬ್ಬ ಹುಡುಗಿ ಬಂದರು, ಕತ್ತಿಗೆ ಬಂದೂಕಿನಷ್ಟು ಉದ್ದದ ಕ್ಯಾಮೆರಾ.

"ಅಜ್ಜಿ, ಗೂಬೆ ಇರೋದು ಈ ಕಡೇನಾ?"

"ಗೂಬೆ ಇಲ್ಲಿ ಕೂತಿದೆ, ನೋಡಿಕೊಂಡು ಹೋಗಿ," ಎಂದೆ.

ಹುಡುಗಿ ನಕ್ಕಳು. ಹುಡುಗ ನಗಲಿಲ್ಲ. "ನಾವು ಆ ಮೇಡಂ ಫ್ಯಾನ್ಸು. ಅವರ ಪೋಸ್ಟು ಒಂದೂ ಬಿಡಲ್ಲ."

"ನಾನು ಅವಳ ದೊಡ್ಡಮ್ಮ. ನಾನೂ ಒಂದೂ ಬಿಡಲ್ಲ. ಒಳಗೆ ಹೋಗಬಾರದು, ವಾಪಸ್ ನಡೀರಿ."

"ಇದೇನು ನಿಮ್ಮ ಜಾಗಾನಾ?"

"ನಂದೂ ಅಲ್ಲ, ನಿಂದೂ ಅಲ್ಲ. ಒಳಗಿರೋದು ಹಸಿದ ಕೂಸು. ತಾಯಿ ಇಲ್ಲ."

"ಒಂದೇ ಒಂದು ಫೋಟೋ ಅಜ್ಜಿ."

"ನಿಮ್ಮ ಮನೇಲಿ ಯಾರೋ ಕೊನೆ ಉಸಿರೆಳೀತಿರುವಾಗ, ಒಂದೇ ಒಂದು ಫೋಟೋ ಅಂತ ಬಂದ್ರೆ ಬಾಗಿಲು ತೆಗೀತೀಯಾ ಮಗಾ?"

ಹುಡುಗಿ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು. ಎಲ್ಲರೂ ಹಾಗೆ ಹೋಗಲಿಲ್ಲ. ಕೆಲವರು ಬೈದರು. ಒಬ್ಬ ನನ್ನನ್ನು ದಾಟಿಕೊಂಡು ಹೋಗಿಯೇ ಬಿಟ್ಟ. ಅವಳು ಪೊದೆಯಿಂದ ಎದ್ದು ಬಂದು ಅವನ ಎದುರು ನಿಂತಳು. ಅವನು ಅವಳನ್ನು ಗುರುತು ಹಿಡಿದು ಕ್ಯಾಮೆರಾ ಕೆಳಗಿಳಿಸಿದ.

ಒಂದು ಸಂಜೆ ಡಾಕ್ಟರು ಬಂದರು. ಚಿಕಿತ್ಸಾಲಯದ ಬಿಳಿ ಕೋಟು ತೆಗೆಯುವುದನ್ನೂ ಮರೆತಿದ್ದರು. ಅವಳು ಆಗಷ್ಟೇ ಮರೆಯಿಂದ ಹೊರಗೆ ಬಂದಿದ್ದಳು. ಅವರು ತಲೆಯೆತ್ತದೆ, "ನಾನು ಬೇಕಂತ ಮಾಡಿದ್ದಲ್ಲ," ಎಂದರು.

"ಗೊತ್ತು. ನಾನೂ ಬೇಕಂತ ಮಾಡಿದ್ದಲ್ಲ."

"ನಿಮ್ಮದೇನಿದೆ ಇದರಲ್ಲಿ? ಹೋದವನು ನಾನು."

"ಆ ಬಂಡೆಯನ್ನ ನಿಮ್ಮ ಗೋಡೆಗೆ ಕಳಿಸಿದ್ದು ನಾನು. ಅದರ ತುಂಡನ್ನ ನಿಮ್ಮ ಕೈಗೆ ಕೊಟ್ಟಿದ್ದೂ ನಾನು. ಹೊಂದಿಸಿ ನೋಡಿದ್ರಿ ನೀವು. ಚೆನ್ನಾಗಿ ನೋಡೋರಿಗೆ ಅಂತಾನೇ ಅಲ್ವಾ ನಾನು ಚಿತ್ರ ಮಾಡೋದು?"

ಅವರು ಬಿಳಿ ಕೋಟು ಕಳಚಿ ಮಡಚಿಕೊಂಡರು. ನನ್ನ ಪಕ್ಕದಲ್ಲಿ ಒಂದು ಇಟ್ಟಿಗೆಯ ಮೇಲೆ ಕೂತರು. ಮಾರನೆಯ ಸಂಜೆಯಿಂದ ಚಿಕಿತ್ಸಾಲಯ ಮುಚ್ಚಿದೊಡನೆ ಬಂದು, ಜನರನ್ನು ಹಿಂದಕ್ಕೆ ಕಳಿಸುವ ಕೆಲಸ ಅವರೂ ಮಾಡಿದರು. ಅವರ ಸ್ನೇಹಿತರು ಬಂದಾಗ, ನನಗಿಂತ ಗಟ್ಟಿಯಾಗಿ ಅವರೇ ಗದರಿಸಿದರು. ಅವಳು ಅವರ ಜೊತೆ ಹೆಚ್ಚು ಮಾತಾಡಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಚಿಕ್ಕ ಮರಿ ಒಂದು ಬೆಳಗ್ಗೆ ಏಳಲಿಲ್ಲ. ಅವಳು ಮನೆಗೆ ಬಂದು ಬೂಟು ಬಿಚ್ಚುತ್ತಾ ಹೇಳಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, "ಇನ್ನೂ ಇದೆ," ಎಂದಳು. "ದೊಡ್ಡದು ಅದನ್ನ ತಿಂತು ದೊಡ್ಡಮ್ಮ. ಮೊದಲು ಕಾಲಿಂದ ಅದುಮಿ ಹಿಡೀತು. ಎಳೀತು. ಬರಲಿಲ್ಲ. ಮತ್ತೆ ಎಳೀತು. ಹರಿಯೋದನ್ನ ಅದರ ಮೇಲೇ ಕಲಿತುಕೊಂಡಿತು. ಆಮೇಲೆ ಇಲಿ ಹರೀತು."

"ಚಿತ್ರ ತೆಗೆದೆಯಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ತೆಗೆದೆ. ಕಣ್ಣು ಮುಚ್ಚಿಕೊಂಡ್ರೆ ಅದು ನಡೆದಿಲ್ಲ ಅಂತ ಆಗುತ್ತಾ?"

ಆ ರಾತ್ರಿಯ ಊಟಕ್ಕೆ ಅವಳು ಬರಲಿಲ್ಲ. ಕೋಣೆಯಲ್ಲಿ ಕೂತು ಬರೆಯುತ್ತಿದ್ದಳು. ತಮ್ಮ ಬಾಗಿಲಲ್ಲಿ ನಿಂತ. "ಆ ಗೂಬೆ ಚಿತ್ರ ತೆಗೆದುಬಿಡೋಣ ಅಕ್ಕ. ಸುಮ್ಮನಿದ್ದುಬಿಡು. ಯಾರು ಕೇಳ್ತಾರೆ? ಬರೆದ್ರೆ ನಿನ್ನ ಮೇಲೇ ಬೀಳ್ತಾರೆ."

"ಬೀಳಲಿ."

"ನಾನೂ ಹಾಕು ಹಾಕು ಅಂದಿದ್ದೆ."

"ಅದನ್ನ ಬರೆದಿಲ್ಲ. ಹೋಗಿ ಮಲಗು."

ಬರೆದದ್ದನ್ನು ನನಗೆ ಓದಿ ಹೇಳಿದಳು. ಬಂಡೆಯ ಚಿತ್ರ ಯಾವುದು, ಗೂಬೆಯ ಚಿತ್ರ ಯಾವುದು, ಎರಡನ್ನೂ ಸೇರಿಸಿದ ಗೆರೆ ಯಾವುದು, ತಾಯಿ ಹೇಗೆ ಹೋಯಿತು, ಚಿಕ್ಕದು ಹೇಗೆ ಸತ್ತಿತು, ಯಾವುದನ್ನೂ ಬಿಟ್ಟಿರಲಿಲ್ಲ. ಡಾಕ್ಟರ ವಿಷಯ ಮಾತ್ರ ಇರಲಿಲ್ಲ. "ಗೊತ್ತಾಯಿತು, ಜನ ಹೋದರು" ಎಂದಷ್ಟೇ ಇತ್ತು. ಆ ಬೆಳಗಿನ ಚಿತ್ರವನ್ನು ಕೆಳಗೆ ಹಾಕಿದ್ದಳು. ಮಾರಾಟಕ್ಕಲ್ಲ ಎಂದೂ ಬರೆದಿದ್ದಳು.

ಕೆಲವರು ಅತ್ತರು, ಕೆಲವರು ಉಗಿದರು. ಕೊಲೆಗಾತಿ ಎಂದವರೂ ಇದ್ದರು. ಅದನ್ನೆಲ್ಲ ಅವಳು ನೆಟ್ಟಗೆ ಕೂತು ಓದಿದಳು. ಅವಳನ್ನು ನಿಜಕ್ಕೂ ಕುಗ್ಗಿಸಿದ್ದು ಬೇರೆ. ಆ ಸುದ್ದಿ ಹರಡಿದ ಮೇಲೆ ತಾಯಿಗೂಬೆಯ ಪ್ರಿಂಟು ಇನ್ನೂ ಹೆಚ್ಚು ಜನಕ್ಕೆ ಬೇಕಾಯಿತು. 'ಮರಿ ಬಿಟ್ಟು ಹೋದ ಗೂಬೆ ಇದೇ ತಾನೇ, ದೊಡ್ಡ ಅಳತೆಯಲ್ಲಿ ಸಿಗುತ್ತಾ' ಎಂದು ಒಬ್ಬ ಕೇಳಿದ್ದ. ತಮ್ಮ ಅದನ್ನು ಓದಿ, ಅವಳು ಹೇಳುವ ಮೊದಲೇ ಆ ಚಿತ್ರವನ್ನು ಅಂಗಡಿಯಿಂದ ತೆಗೆದ. ಕೊಳವೆಗೆ ಇಳಿಸಿದ್ದ ಪ್ರಿಂಟುಗಳನ್ನು ನಾನು ಒಂದೊಂದಾಗಿ ಹೊರಗೆಳೆದು ಕೊಟ್ಟೆ. ಅವಳು ಒಂದೊಂದಾಗಿ ಹರಿದಳು. ದಪ್ಪ ಕಾಗದ, ಬೇಗ ಹರಿಯುವುದಿಲ್ಲ.

ಆಮೇಲೆ ಕಾಯುವ ಕೆಲಸ ಮುಂದುವರಿಯಿತು. ಮರಿಗೆ ಗರಿ ಬಂತು. ಕಲ್ಲಿನ ತುದಿಯವರೆಗೆ ನಡೆದು, ರೆಕ್ಕೆ ಬಡಿದು, ಹಿಂದಕ್ಕೆ ಬರುತ್ತಿತ್ತಂತೆ. ಒಂದು ಸಂಜೆ ಅವಳು ಮರೆಯಿಂದ ದಾರಿಯವರೆಗೆ ಹೆಚ್ಚುಕಮ್ಮಿ ಓಡಿಬಂದಳು. "ಕಲ್ಲು ಖಾಲಿ ದೊಡ್ಡಮ್ಮ. ಮಧ್ಯಾಹ್ನ ಇತ್ತು. ಈಗ ಇಲ್ಲ."

ಡಾಕ್ಟರು ಎದ್ದು ನಿಂತರು. "ಬಿದ್ದಿರಬಹುದಾ? ಕೆಳಗಿಳಿದು ನೋಡಲಾ?"

"ಇರಿ," ಎಂದೆ. ನನಗೆ ಏನೋ ಕೇಳಿಸಿತ್ತು. ಕಣ್ಣು ಮಂಜಾದರೂ ಕಿವಿ ಇನ್ನೂ ನನ್ನ ಮಾತು ಕೇಳುತ್ತದೆ. ಬಂಡೆಯ ಕಡೆಯಿಂದಲ್ಲ; ನಮ್ಮ ಹಿಂದೆ, ಕಾರ್ಖಾನೆಯ ಕುಸಿದ ಗೋಡೆಯ ಆಚೆ, ಮರಗಳಿರುವ ಕಡೆಯಿಂದ. ಉಪ್ಪುಕಾಗದದಿಂದ ಹಲಗೆ ಉಜ್ಜಿದಂಥ ಸದ್ದು. ಒಮ್ಮೆ ಬಂತು, ನಿಂತಿತು, ಮತ್ತೆ ಬಂತು.

ಅವಳೂ ಕೇಳಿದಳು. ಅವಳ ಕೈ ನನ್ನ ಹೆಗಲನ್ನು ಹುಡುಕಿ ಬಂದು ಹಿಡಿಯಿತು. "ಅದೇ," ಎಂದಳು. "ಹಸಿವು ಅಂತ ಅಪ್ಪನ್ನ ಕರೀತಿದೆ."

ಸ್ವಲ್ಪ ಹೊತ್ತಿಗೆ ಗಂಡು ನಮ್ಮ ತಲೆಯ ಮೇಲಿಂದ ಹಾದು ಆ ಮರಗಳೊಳಗೆ ಹೋಯಿತು. ಸದ್ದು ನಿಂತಿತು. ಡಾಕ್ಟರು ಮುಖ ಅತ್ತ ತಿರುಗಿಸಿಕೊಂಡು ಕನ್ನಡಕ ಒರೆಸಿಕೊಂಡರು. ಅವಳು ಅಳಲಿಲ್ಲ, ನಗಲೂ ಇಲ್ಲ. ಆ ಕಡೆಗೆ ಒಂದು ಹೆಜ್ಜೆಯನ್ನೂ ಇಡದೆ ಮರೆಯ ಬಟ್ಟೆ ಬಿಚ್ಚಲು ಹೋದಳು.

ಆ ಮರಿ ಹಾರಿದ್ದನ್ನು ಅವಳು ಎಲ್ಲಿಯೂ ಬರೆಯಲಿಲ್ಲ. ಜನ ಕೇಳಿ ಕೇಳಿ ಸುಮ್ಮನಾದರು. ಈಗಲೂ ಪ್ರಿಂಟ್ ಮಾರುತ್ತಾಳೆ: ಎಲೆಗಳು, ಮೋಡ, ನಮ್ಮ ಹಿತ್ತಲಿನ ಗೋಡೆಯ ಪಾಚಿ. ಹಾಕುವ ಮೊದಲು ಒಂದೊಂದು ಚಿತ್ರದ ಹಿನ್ನೆಲೆಯನ್ನೂ ಮೂಲೆಯಿಂದ ಮೂಲೆಗೆ ಹುಡುಕುತ್ತಾಳೆ. ವಾರದ ಬರಹ ನಿಂತಿದೆ. ಹಾಸಿಗೆ ಹಿಡಿದ ಆ ಹೆಂಗಸಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ, ಸ್ವಲ್ಪ ಹೊತ್ತು ಕೂರುತ್ತಾಳೆ.

ನಸುಕಿನಲ್ಲಿ ಹೋಗುವುದನ್ನು ಬಿಟ್ಟಿಲ್ಲ. ನಿನ್ನೆಯೂ ಬಿಸಿಲೇರಿದ ಮೇಲೆ ಬಂದಳು. ಮುಖದಲ್ಲಿ ಏನೋ ಹೊಳಪಿತ್ತು. ಅಂಥ ಮುಖ ನಾನು ಬಲ್ಲೆ, ಎಲ್ಲೋ ಮೊಟ್ಟೆ ಕಂಡಿರುವ ಮುಖ ಅದು. ಚಹಾ ಕೊಟ್ಟು ಪಕ್ಕದಲ್ಲಿ ಕೂತೆ. ಅವಳು ಲೋಟ ಕೆಳಗಿಟ್ಟು ನನ್ನ ಕಡೆ ವಾಲಿದಳು, ಹಿಂದೆ ಪಿಸುಗುಡುವಾಗ ವಾಲುತ್ತಿದ್ದ ಹಾಗೆ. ತುಟಿ ಬಿಚ್ಚಿತು. ನಾನು ಕಿವಿಯನ್ನು ಹತ್ತಿರ ತಂದೆ.

"ಚಳಿ ಜಾಸ್ತಿ ಇತ್ತು ದೊಡ್ಡಮ್ಮ," ಎಂದಳು.

"ಇರುತ್ತಮ್ಮ," ಎಂದೆ. "ಕುಡಿ, ಆರುತ್ತೆ."